ಚಿತ್ರದ ಕೆಳಗಿನ ಚೀಟಿ

ಕೆಲವರಿಗೆ ಕಂಡ ಮಕ್ಕಳ ಕೆನ್ನೆ ಹಿಂಡದೆ ಇರಲಾಗುವುದಿಲ್ಲ. ಕೆಲವರಿಗೆ ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯೊಳಗೆ ಇಣುಕದೆ ಇರಲಾಗುವುದಿಲ್ಲ. ನನಗೆ ಹೆಸರಿಡದೆ ಇರಲಾಗುವುದಿಲ್ಲ. ನಮ್ಮ ಮನೆಯ ಮಿಕ್ಸಿಗೆ, ಸ್ಕೂಟರಿಗೆ, ಕಡೆಗೆ ಮಾವನವರ ಗೊರಕೆಗೂ ನಾನು ಹೆಸರಿಟ್ಟಿದ್ದೇನೆ. ಗೊರಕೆಯ ಹೆಸರನ್ನು ಹೆಂಡತಿಯ ಕೋರಿಕೆಯ ಮೇರೆಗೆ ಇಲ್ಲಿ ಹೇಳುತ್ತಿಲ್ಲ. ಈ ಚಟ ಮನೆಯೊಳಗೆ ಇರುವಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ಅದು ನನ್ನ ಜೊತೆ ಕಚೇರಿಗೆ ಬರಲು ಶುರುಮಾಡಿದ ಮೇಲೆ ನನ್ನ ಗ್ರಹಚಾರ ಕೆಟ್ಟಿತು.

ನಾನು ಚಿಕ್ಕಬಳ್ಳಾಪುರದಲ್ಲಿರುವ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ಗುಮಾಸ್ತ. ಅಲ್ಲೊಂದು ಛಾಯಾಚಿತ್ರ ಗ್ಯಾಲರಿ ಇದೆ, ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ. ವರ್ಷಕ್ಕೆರಡು ಸಲ ವಿದ್ಯಾರ್ಥಿಗಳು ತೆಗೆದ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಬರುವವರಲ್ಲಿ ಮುಕ್ಕಾಲು ಪಾಲು ಜನ ಫ್ಯಾನಿನ ಗಾಳಿಗೆ ಬರುವವರು. ಹಾಗೆ ಬಂದ ಒಬ್ಬರು ಸಂದರ್ಶಕರ ಪುಸ್ತಕದಲ್ಲಿ 'ತುಂಬಾ ತಂಪಾಗಿತ್ತು' ಎಂದು ಬರೆದು ಹೋದರು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಅದನ್ನು ಕಲಾವಿಮರ್ಶೆ ಎಂದೇ ತಿಳಿದು ವಾರ್ಷಿಕ ವರದಿಯಲ್ಲಿ ಸೇರಿಸಿದರು. ನಾನೂ ತಿದ್ದಲು ಹೋಗಲಿಲ್ಲ.

ಈ ಸಲದ ಪ್ರದರ್ಶನ ನಮ್ಮ ಸೀಮೆಯ ಜನರ ಮುಖಗಳದ್ದು. ವಿದ್ಯಾರ್ಥಿಗಳು ಚಿತ್ರಗಳನ್ನು ತಂದು ಒಂದು, ಎರಡು, ಮೂರು ಎಂದು ನಂಬರ್ ಹಾಕಿ ಕೊಟ್ಟರು. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ನಂದಿನಿ ಎಂಬ ಹುಡುಗಿ ಮೇಲೂರಿನಲ್ಲಿ ತೆಗೆದ ಚಿತ್ರ. ರೇಷ್ಮೆ ಹುಳು ಸಾಕುವ ಮನೆ, ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಅದರ ಪಕ್ಕ ಒಬ್ಬರು ಅಜ್ಜಿ. ಕಿಟಕಿಯ ಬೆಳಕು ಅವರ ಅರ್ಧ ಮುಖದ ಮೇಲೆ ಬಿದ್ದಿದೆ. ಕಣ್ಣು ಕೆಳಗಿದೆ. ನೋಡಿದ ಕೂಡಲೇ ನನ್ನೊಳಗಿನ ಕವಿ ಎದ್ದು ಕುಳಿತ.

"ಇದಕ್ಕೆ ಹೆಸರೇನಮ್ಮ?" ಎಂದೆ.

"ನಂಬರ್ ಸಾಕು ಸರ್. ಹೆಸರು ಬೇಡ," ಎಂದಳು ನಂದಿನಿ.

ನಂಬರ್ ಹಾಕಲು ಅದೇನು ಆಟೋರಿಕ್ಷಾವೇ ಎಂದು ನಾನು ಅವಳನ್ನು ಸುಮ್ಮನಾಗಿಸಿದೆ. ಮಧ್ಯಾಹ್ನ ಕೂತು ಅಷ್ಟೂ ಚಿತ್ರಗಳಿಗೆ ಚೀಟಿ ಬರೆದೆ. ಗೌರಿಬಿದನೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆನ್ನೆಗೆ ಕೈಯಿಟ್ಟು ಕೂತವರಿಗೆ 'ಮುಗಿಯದ ನಿರೀಕ್ಷೆ'. ಕೈವಾರದ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದ ಹುಡುಗಿಗೆ 'ಬಿಡುಗಡೆ'. ಮೇಲೂರಿನ ಅಜ್ಜಿಗೆ 'ಏಕಾಂಗಿ'. ಈ ಕೊನೆಯದನ್ನು ಬರೆದಾಗ ನನ್ನ ಕಣ್ಣೇ ಸ್ವಲ್ಪ ಒದ್ದೆಯಾಯಿತು. ಮೇಡಂಗೂ ಅದು ಹಿಡಿಸಿ, ಆಮಂತ್ರಣ ಪತ್ರಿಕೆಯ ಮೇಲೆ ಚಿತ್ರವನ್ನೂ ಹೆಸರನ್ನೂ ಹಾಕಿಸಿದರು. ಪತ್ರಿಕೆ ವಾಟ್ಸಾಪಿನಲ್ಲಿ ಊರೂರು ಸುತ್ತಿತು.

ಪ್ರದರ್ಶನದ ಎರಡನೇ ದಿನ ಬೆಂಗಳೂರಿನಿಂದ ಹಿರಿಯ ಛಾಯಾಗ್ರಾಹಕಿಯೊಬ್ಬರು ಚಿತ್ರಗಳನ್ನು ನೋಡಿ ಬಹುಮಾನಕ್ಕೆ ಒಂದನ್ನು ಆರಿಸುವವರಿದ್ದರು. ಅವರ ಕಾರಿಗಾಗಿ ನಾನು ಬಾಗಿಲಲ್ಲಿ ನಿಂತಿದ್ದರೆ, ಒಂದು ಟೆಂಪೋ ಬಂದು ನಿಂತಿತು. ಅದರಿಂದ ಜನ ಇಳಿದರು. ಇಳಿಯುತ್ತಲೇ ಇದ್ದರು. ಗಂಡಸರು, ಸೊಸೆಯರು, ಬೀಗರು, ಎರಡು ಕೈಗೂಸು. ಎಲ್ಲರ ಕೊನೆಗೆ, ಜರಿಯಂಚಿನ ಸೀರೆ ಉಟ್ಟು, ಇಬ್ಬರು ಮೊಮ್ಮಕ್ಕಳ ಹೆಗಲು ಹಿಡಿದು ಇಳಿದವರು ನನ್ನ ಏಕಾಂಗಿ. ಹೆಸರು ಅಕ್ಕಯ್ಯಮ್ಮ.

ಹಿರಿಯ ಮಗ ನಾರಾಯಣಸ್ವಾಮಿ ಮೊದಲು ಮಾತಾಡಿದರು. "ಸಾರ್, ಶಿಡ್ಲಘಟ್ಟದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದೆಲೆಯೋನು ಫೋನ್ ತೋರಿಸಿ, ನಿಮ್ಮಮ್ಮನ್ನ ಯಾರೂ ನೋಡ್ಕಳಲ್ವಂತೆ, ಕಾಲೇಜ್‌ನೋರು ಬರ್ದವ್ರೆ ಅಂದ. ಬಾಯಿಗೆ ಹಾಕಿದ ಹೋಳಿಗೆ ಒಳಗೆ ಇಳೀಲಿಲ್ಲ ಸಾರ್."

ಒಳಗೆ ಅಕ್ಕಯ್ಯಮ್ಮ ತಮ್ಮ ಚಿತ್ರದ ಮುಂದೆ ನಿಂತರು. ಚಿಂತಾಮಣಿ ಕಡೆಯ ಸೊಸೆ ಅವರ ಮನೆಮಾತಾದ ತೆಲುಗಿನಲ್ಲಿ ಚೀಟಿಯ ಅರ್ಥ ಬಿಡಿಸಿ ಹೇಳಿದಳು. ಅಜ್ಜಿ ಪಕ್ಕದಲ್ಲೇ ನಿಂತಿದ್ದ ನಂದಿನಿಯ ಕಡೆ ತಿರುಗಿದರು. "ನಮ್ಮನೇಲಿ ಮುದ್ದೆ ಉಂಡು ಹೋದೋಳಲ್ವೇನಮ್ಮ ನೀನು? ಹಿಂಗೆ ಬರೀಬಹುದಾ?"

ನಂದಿನಿ ತಲೆ ತಗ್ಗಿಸಿದಳು. ಬರೆದದ್ದು ತಾನಲ್ಲ ಎಂದು ಅವಳು ಹೇಳಲಿಲ್ಲ. ನಾನು ಆ ಹೊತ್ತಿನಲ್ಲಿ ಫ್ಯಾನಿನ ರೆಕ್ಕೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಎಷ್ಟು ಹೊತ್ತು ನೋಡಿದೆನೋ, ಹುಡುಗಿಯ ಕಣ್ಣಿನಿಂದ ಒಂದು ಹನಿ ನೆಲಕ್ಕೆ ಬಿದ್ದದ್ದು ಕಂಡಿತು. ಆಮೇಲೆ ಫ್ಯಾನ್ ನೋಡಲು ಆಗಲಿಲ್ಲ.

"ಅವಳಲ್ಲ ಅಮ್ಮ, ಬರೆದೋನು ನಾನು," ಎಂದೆ. "ಚಿತ್ರದಲ್ಲಿ ನೀವು ಒಬ್ರೇ ಇದ್ರಿ, ಮುಖ ಬಾಡಿತ್ತು, ಅದಕ್ಕೆ."

ಅಕ್ಕಯ್ಯಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಒಬ್ಳೇ ಎಲ್ಲಪ್ಪ ಇದ್ದೆ? ಮುಂದಿನ ತಟ್ಟೆ ತುಂಬ ಹುಳ ಐತಲ್ಲ. ಹಣ್ಣಾಗೈತಾ ಅಂತ ನೋಡ್ತಿದ್ದೆ. ಹಣ್ಣಾದ್ರೆ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬಿಡಬೇಕು. ಆಗ ಮುಖ ಬಾಡ್ಸದೆ ನಗ್ತಾ ನಿಂತ್ಕಳ್ಳಾ? ಇವರೆಲ್ಲ ಕ್ಯಾಮೆರಾ ಹಿಂದೆ ನಿಂತು ಗಲಾಟೆ ಮಾಡ್ತಿದ್ರು. ನಾನೇ ಬೈದು ಆಚೆ ಕಳಿಸ್ದೆ."

ಕಳಿಸಲ್ಪಟ್ಟವರೆಲ್ಲ ಹೌದು ಹೌದು ಎಂದರು. ನಾನು ಚೀಟಿ ಕಿತ್ತೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಅಜ್ಜಿಯ ಗೌರಿಬಿದನೂರಿನ ಅಳಿಯ ಮುಂದಿನ ಚಿತ್ರದ ಹತ್ತಿರದಿಂದ ಕೂಗಿದರು. "ಇವರು ನಮ್ಮ ಬೀದಿ ಟೈಲರ್ ಅಲ್ವಾ? ಯಾರಿಗೂ ಕಾಯ್ತಿಲ್ಲ ಸಾರ್ ಇವರು. ದವಡೆ ಹಲ್ಲು ನೋವು, ಯಲಹಂಕಕ್ಕೆ ಕೀಳ್ಸಕ್ಕೆ ಹೊರಟಿರೋದು." ಅಷ್ಟರಲ್ಲಿ ಒಬ್ಬ ಸೊಸೆ ಕೈವಾರದ ಬಸ್ಸಿನ ಹುಡುಗಿಯನ್ನು ನೋಡಿ ಅಯ್ಯೋ ಪಾಪ ಎಂದಳು. "ಬಿಡುಗಡೆ ಅಲ್ಲ ಸಾರ್, ಮಗುಗೆ ವಾಂತಿ ಬರ್ತೈತೆ. ಕಂಡಕ್ಟರ್‌ಗೆ ಹೇಳಿ ನಿಲ್ಲಿಸ್ಬೇಕಿತ್ತು."

ಆಮೇಲೆ ಅವರನ್ನು ತಡೆಯುವವರಿಲ್ಲ. ಇಡೀ ಕುಟುಂಬ ಗೋಡೆಯುದ್ದಕ್ಕೂ ನಡೆಯಿತು, ನಾನು ಚೀಟಿ ಕೀಳುತ್ತಾ ಹಿಂದೆ ನಡೆದೆ. ನನ್ನ 'ವೈರಾಗ್ಯ' ಕನ್ನಡಕ ಹುಡುಕುತ್ತಿತ್ತು. ನನ್ನ 'ತಪಸ್ಸು' ಮೊಬೈಲ್ ರೀಚಾರ್ಜ್ ಆಯಿತೇ ಎಂದು ಕಾಯುತ್ತಿತ್ತು. ನಗು ಎಷ್ಟು ಜೋರಾಯಿತೆಂದರೆ ಪಕ್ಕದ ತರಗತಿಗಳು ಖಾಲಿಯಾಗಿ ಗ್ಯಾಲರಿ ತುಂಬಿತು. ಕೈಗೂಸುಗಳೂ ಯಾಕೆಂದು ತಿಳಿಯದೆ ನಕ್ಕವು. ತಿರುಗಿ ನೋಡಿದರೆ ಬೆಂಗಳೂರಿನ ಅತಿಥಿ ಯಾವಾಗಲೋ ಬಂದು, ಸೊಸೆಯರ ನಡುವೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಮೇಡಂ ನನ್ನನ್ನು ನೋಡುತ್ತಿದ್ದ ರೀತಿಗೆ ಹೆಸರಿಡುವ ಧೈರ್ಯ ನನಗೆ ಬರಲಿಲ್ಲ.

ಬಹುಮಾನ ನಂದಿನಿಗೇ ಬಂತು. ಅತಿಥಿ ಅಜ್ಜಿಯನ್ನೇ ಕೇಳಿ ಹೊಸ ಚೀಟಿ ಬರೆಸಿದರು: 'ಅಕ್ಕಯ್ಯಮ್ಮ, ಮೇಲೂರು. ಹುಳ ಹಣ್ಣಾಗಿದೆಯಾ ನೋಡುತ್ತಿರುವುದು.' ನಾರಾಯಣಸ್ವಾಮಿ ಅದರ ಫೋಟೋ ತೆಗೆದು, ಮದುವೆ ಮನೆಯಲ್ಲಿ ಪಕ್ಕದೆಲೆಯಲ್ಲಿ ಕೂತಿದ್ದವರಿಗೆ ಅಲ್ಲಿಂದಲೇ ಕಳಿಸಿದರು. ಅಜ್ಜಿ ನಂದಿನಿಯ ತಲೆ ಸವರಿ, ಮುಂದಿನ ಬೆಳೆಗೆ ಬಾರಮ್ಮ ಎಂದರು. ನನ್ನನ್ನು ಕರೆಯಲಿಲ್ಲ.

ಹೊರಡುವ ಮುಂಚೆ ನಂದಿನಿ ಆ ದಿನ ತೆಗೆದ ಒಂದು ಚಿತ್ರವನ್ನು ಕ್ಯಾಮೆರಾದಲ್ಲಿ ಎಲ್ಲರಿಗೂ ತೋರಿಸಿದಳು. ಕಿತ್ತ ಚೀಟಿಗಳನ್ನು ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ, ದೂರಕ್ಕೆ ದೃಷ್ಟಿ ನೆಟ್ಟು ನಾನು ನಿಂತಿದ್ದೆ. ನಿಜ ಹೇಳಬೇಕೆಂದರೆ ಚಿತ್ರ ಚೆನ್ನಾಗಿತ್ತು. 'ಆತ್ಮಾವಲೋಕನ' ಎಂದು ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಕ್ಕಯ್ಯಮ್ಮ ಕನ್ನಡಕ ಏರಿಸಿ ನೋಡಿ, "ಪಾಪ, ಈ ಯಪ್ಪ ಇನ್ನೂ ಊಟ ಮಾಡಿಲ್ಲ," ಎಂದರು.

ಗಡಿಯಾರ ನೋಡಿದೆ. ಎರಡೂವರೆ. ಚಿತ್ರ ತೆಗೆದ ಆ ಗಳಿಗೆಯಲ್ಲಿ ನಾನು ಏನನ್ನು ಯೋಚಿಸುತ್ತಿದ್ದೆ ಎಂದು ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. ಡಬ್ಬಿಯಲ್ಲಿ ಇವತ್ತು ಚಿತ್ರಾನ್ನವೋ, ಮೊಸರನ್ನವೋ ಎಂದು ಯೋಚಿಸುತ್ತಿದ್ದೆ.