ನಮ್ಮತ್ತೆ ನೋಡದ ಕ್ಲೈಮ್ಯಾಕ್ಸುಗಳು

ವರ್ಷ ಮುಗಿಯುತ್ತಾ ಬಂದರೆ ಸಾಕು, ಫೋನಿನಲ್ಲಿ ಎಲ್ಲರೂ ತಮಗೆ ಹಿಡಿಸಿದ ಸಿನಿಮಾಗಳ ಹೆಸರು ಹಾಕಿ ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಸಿನಿಮಾ ಹುಚ್ಚು ಇರುವುದು ನಮ್ಮತ್ತೆಗೆ. ಅವರಿಗೆ ಯಾವ ಸಿನಿಮಾದ ಹೆಸರೂ ನೆನಪಿರುವುದಿಲ್ಲ. ಆನೆ ಪಿಚ್ಚರ್, ಬಾವಿ ಪಿಚ್ಚರ್, ಬೆಟ್ಟದ ಪಿಚ್ಚರ್, ಅಷ್ಟೇ. ಆದರೆ ಅವರು ಸಿನಿಮಾಕ್ಕೆ ಹೋಗಿ ಏನೂ ಎಡವಟ್ಟಾಗದೆ ಮನೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಜೊತೆಗೆ ಹೋದ ತಪ್ಪಿಗೆ ಎಲ್ಲದರಲ್ಲೂ ನನಗೂ ಒಂದು ಪಾಲು.

ನಾವಿಬ್ಬರೂ ತಮಿಳುನಾಡಿನ ಗಡಿಯಲ್ಲಿ, ಹೊಸೂರಿನಾಚೆಯ ತಳಿ ಎಂಬ ಊರಿನ ಕಡೆಯ ಒಂದು ಗುಲಾಬಿ ತೋಟದ ಶೆಡ್ಡಿನಲ್ಲಿ ಕೆಲಸ ಮಾಡುವವರು. ಹೂವಿನ ಕಡ್ಡಿಯಿಂದ ಎಲೆ ಸವರಿ, ಮುಳ್ಳು ತೆಗೆದು, ಉದ್ದ ನೋಡಿ ಕಟ್ಟು ಕಟ್ಟುವುದು ಅಲ್ಲಿನ ಕೆಲಸ. ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್, ಅತ್ತೆ ಕೂಲಿಯವರು. ಸಂಜೆ ಮನೆಗೆ ಬಂದ ಮೇಲೆ ಹುದ್ದೆ ಅದಲುಬದಲಾಗುತ್ತದೆ.

ಹಿಂದಕ್ಕೆ ನಡೆಯುವವರು

ನಮ್ಮೂರಿನ ಹೆಂಗಸರಿಗೆ ಸಿನಿಮಾ ಅಂದರೆ ಹೊಸೂರಿನ ಮಧ್ಯಾಹ್ನದ ಆಟ. ಆಟ ಪೂರ್ತಿ ಮುಗಿಯುವ ತನಕ ಕೂತರೆ ಊರಿಗೆ ಬರುವ ಸಂಜೆ ಬಸ್ಸು ಹೊರಟುಹೋಗುತ್ತದೆ. ಆಮೇಲಿನ ಬಸ್ಸು ತಳಿಗೇ ನಿಲ್ಲುತ್ತದೆ. ಅಲ್ಲಿಂದ ಕತ್ತಲಲ್ಲಿ ಊರಿಗೆ ನಡೆಯೋಣವೆಂದರೆ ದಾರಿಯಲ್ಲಿ ಆನೆ ಕಾಟ. ಹಾಗಾಗಿ ಕ್ಲೈಮ್ಯಾಕ್ಸ್ ಶುರುವಾಗುತ್ತಿದ್ದಂತೆ ನಮ್ಮವರೆಲ್ಲ ಎದ್ದುಬಿಡುತ್ತಾರೆ. ಬೆನ್ನು ತಿರುಗಿಸುವುದಿಲ್ಲ. ಪರದೆಯನ್ನೇ ನೋಡುತ್ತಾ, ಹಿಂದಕ್ಕೆ ಹೆಜ್ಜೆ ಇಡುತ್ತಾ ಬಾಗಿಲು ಸೇರುತ್ತಾರೆ. ಟಿಕೆಟ್ ಹರಿಯುವ ಅಣ್ಣನಿಗೂ ಇದು ಅಭ್ಯಾಸವಾಗಿದೆ. ತಾನೇ ಬಾಗಿಲು ತೆರೆದು, "ತಳಿ ಬಸ್ಸಮ್ಮಾ, ವಾಂಗ ವಾಂಗ" ಎಂದು ತಮಿಳಿನಲ್ಲಿ ಕರೆಯುತ್ತಾನೆ.

ಇದರಿಂದಾಗಿ ನಮ್ಮೂರಿನಲ್ಲಿ ಯಾರೂ ಯಾವ ಸಿನಿಮಾದ ಕೊನೆಯನ್ನೂ ಥಿಯೇಟರಿನಲ್ಲಿ ನೋಡಿದವರಲ್ಲ. ಆದರೆ ಕೊನೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಮಾರನೇ ದಿನ ಶೆಡ್ಡಿನಲ್ಲಿ ಅತ್ತೆ ಹೇಳುತ್ತಾರಲ್ಲ!

ಈ ವರ್ಷದ ಮೊದಲನೆಯದು ಬೆಟ್ಟದ ಪಿಚ್ಚರ್. ವಿಲನ್ನು ಹೀರೋನನ್ನು ಬೆಟ್ಟದ ತುದಿಯಿಂದ ನೂಕಿದ್ದಾನೆ, ಹೀರೋ ಒಂದು ಬೇರು ಹಿಡಿದು ನೇತಾಡುತ್ತಿದ್ದಾನೆ. ಅಷ್ಟಕ್ಕೆ ನಾವು ಬಾಗಿಲು ದಾಟಿದೆವು. ಮಾರನೇ ದಿನ ಅತ್ತೆ ಎಲೆ ಸವರುತ್ತಾ ಹೇಳಿದರು: "ಆ ಬೇರು ಕಿತ್ಕೊಂಡ್ ಬತ್ತಾ ಅದೆ. ಅಷ್ಟೊತ್ಗೆ ಅವನ ತಾಯಿ ನೀರ್ ಸೇದೋ ಹಗ್ಗ ತಗೊಂಡ್ ಓಡ್ಬಂದ್ಳು. ಎಸುದ್ಳು ನೋಡು, ಸೀದಾ ಮಗನ್ ಕೈಗೆ!"

ಹೆಂಗಸರು ಉಸಿರು ಬಿಟ್ಟರು. ನನಗೆ ತಡೆಯಲಾಗಲಿಲ್ಲ. "ಅತ್ತೆ, ಅವನ ತಾಯಿ ಮೊದಲ್ನೇ ಸೀನಲ್ಲೇ ಸತ್ತೋಗಿದ್ಳಲ್ಲ? ಫೋಟೋಗೆ ಹಾರ ಬೇರೆ ಹಾಕಿದ್ರು."

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಸತ್ರೇನಮ್ಮಿ? ಮಗ ಬೀಳ್ತಾ ಇದ್ರೆ ಹೆತ್ತೋಳು ಸುಮ್ಕೆ ಮಲ್ಗಿರ್ತಾಳಾ?"

ಸಂಬಳದ ಆನೆ

ಆಮೇಲೆ ಬಂದದ್ದು ಆನೆ ಪಿಚ್ಚರ್. ಕಾಡಾನೆಯೊಂದು ಊರಿಗೆ ನುಗ್ಗುತ್ತದೆ. ಹೀರೋ ಅಡ್ಡ ನಿಂತು, ಅದರ ಸೊಂಡಿಲು ಸವರಿ ಎರಡು ಒಳ್ಳೆಯ ಮಾತು ಹೇಳುತ್ತಾನೆ. ಆನೆ ಕಣ್ಣೀರು ಹಾಕಿಕೊಂಡು ಕಾಡಿಗೆ ವಾಪಸ್ಸು ಹೋಗುತ್ತದೆ. ಬೇರೆ ಕಡೆ ಈ ಸೀನಿಗೆ ಜನ ಅತ್ತರಂತೆ. ಹೊಸೂರಿನಲ್ಲಿ ಒಬ್ಬರೂ ಅಳಲಿಲ್ಲ. ಥಿಯೇಟರಿನ ತುಂಬ ರಾಗಿ ಬೆಳೆಯುವವರೇ ಕೂತಿದ್ದರು.

"ಇದು ಕಾಡಾನೆ ಅಲ್ಲ ಕಣೆ," ಅಂದರು ಅತ್ತೆ ಗಟ್ಟಿಯಾಗಿ. "ಇದು ಸಂಬಳದ ಆನೆ. ಹೊತ್ತಿಗೆ ಬಂದು ಹೊತ್ತಿಗೆ ಹೋಯ್ತದೆ."

ಮುಂದಿನ ಸಾಲಿನಲ್ಲಿ ಡೆಂಕಣಿಕೋಟೆ ಕಡೆಯ ರೈತರೊಬ್ಬರು ಇದ್ದರು. ಅವರ ಹೊಲಕ್ಕೆ ಹಿಂದಿನ ವಾರವಷ್ಟೇ ಆನೆ ನುಗ್ಗಿತ್ತಂತೆ. ಅವರು ಎದ್ದು ನಿಂತು ಪರದೆಯ ಮೇಲಿನ ಹೀರೋಗೆ ಕೈಮುಗಿದರು. "ಸ್ವಾಮೀ, ಅಲ್ಲಿ ಕೆಲ್ಸ ಮುಗುದ್ರೆ ನಮ್ ಹೊಲದ್ ತಾವ್ಕೂ ಒಂದ್ ಗಳಿಗೆ ಬಂದ್ಹೋಗಪ್ಪಾ!"

ಯಾವ ಭಾಷೆ?

ಈಗಿನ ದೊಡ್ಡ ಸಿನಿಮಾಗಳು ಒಂದೇ ದಿನ ಎಲ್ಲಾ ಭಾಷೆಯಲ್ಲೂ ಬರುತ್ತವೆ. ನಾನು, ಅತ್ತೆ, ಪಕ್ಕದ ಮನೆಯಾಕೆ ಮೂವರೂ ಅಂಥದ್ದೊಂದನ್ನು ನೋಡಿಕೊಂಡು ಬಸ್ಸು ಹತ್ತಿದೆವು. ಪಕ್ಕದ ಮನೆಯಾಕೆಯೂ ನಮ್ಮ ಶೆಡ್ಡಿನವಳೇ. ಸೀಟಿನಲ್ಲಿದ್ದ ಒಬ್ಬ ಹೆಂಗಸು ಕೇಳಿದಳು, "ಕನ್ನಡದ್ದಾ, ತಮಿಳಿಂದಾ?"

"ಕನ್ನಡ," ಅಂದರು ಅತ್ತೆ.

"ತಮಿಳಲ್ವಾ ಅತ್ತೆ?" ಅಂದೆ ನಾನು.

ಪಕ್ಕದ ಮನೆಯಾಕೆ ಇಬ್ಬರನ್ನೂ ನೋಡಿ, "ನಂಗೆ ಎಲ್ಲಾ ಅರ್ಥ ಆಯ್ತಪ್ಪ" ಅಂದಳು.

ಟಿಕೆಟಿನ ಹರಿದ ಅರ್ಧ ತೆಗೆದು ನೋಡಿದರೆ ತೆಲುಗು! ಅಷ್ಟು ಹೊತ್ತು ಕೂತು ನಗಬೇಕಾದಲ್ಲಿ ನಕ್ಕು, ಅಳಬೇಕಾದಲ್ಲಿ ಅತ್ತು ಬಂದಿದ್ದೇವೆ, ಮೂವರಲ್ಲಿ ಒಬ್ಬರಿಗೂ ತಿಳಿದಿಲ್ಲ. ಸಂತೆಗೆ ಹೋದರೆ ಒಬ್ಬೊಬ್ಬ ವ್ಯಾಪಾರಿಯ ಹತ್ತಿರ ಒಂದೊಂದು ಭಾಷೆ ಆಡುವವರಿಗೆ ಹೇಗೆ ತಿಳಿಯಬೇಕು?

ಅತ್ತೆ ಮಾತ್ರ ಸೋಲಲಿಲ್ಲ. "ಅವ್ರು ತೆಲುಗಲ್ಲೇ ಹೇಳಿರ್ಲಿ. ನಾನು ಕೇಳಿಸ್ಕೊಂಡಿದ್ದು ಕನ್ನಡದಲ್ಲಿ."

ಬಾವಿ ಪಿಚ್ಚರ್

ಇದಕ್ಕೆ ಅತ್ತೆಯನ್ನು ಕರೆದುಕೊಂಡು ಹೋದವಳು ನಾನು. ತುಂಬ ಒಳ್ಳೆಯ ಸಿನಿಮಾ, ಪ್ರಶಸ್ತಿಯೆಲ್ಲ ಬಂದಿದೆ ಎಂದು ಯಾರೋ ಹೇಳಿದ್ದರು. ಒಬ್ಬ ಮನುಷ್ಯ ಒಣಗಿದ ಬಾವಿಯ ಪಕ್ಕ ಕೂತು ಒಳಗೆ ನೋಡುತ್ತಾನೆ. ಇಂಟರ್‌ವಲ್ ಆಗುತ್ತದೆ. ಮತ್ತೆ ನೋಡುತ್ತಾನೆ.

"ಏನಾರಾ ಬೀಳಿಸ್ಕೊಂಡವ್ನಾ?" ಎಂದು ಅತ್ತೆ ಪಿಸುಗುಟ್ಟಿದರು.

"ಇಲ್ಲ ಅತ್ತೆ, ಅವನಿಗೆ ದುಃಖ."

"ದುಃಖ ಇದ್ರೆ ಮನೆಗೋಗಿ ಉಣ್ಣಕ್ಕಾಗಕ್ಕಿಲ್ವಾ? ಬಾವಿ ಏನ್ ಮಾಡ್ತದೆ?"

ಸ್ವಲ್ಪ ಹೊತ್ತಿಗೆ ಅತ್ತೆ ನಿದ್ದೆ ಹೋದರು. ಬಸ್ಸಿನ ಹೊತ್ತಿಗೆ ನಾನೇ ಎಬ್ಬಿಸಿದೆ. ಅಷ್ಟು ಕಣ್ತುಂಬ ನಿದ್ದೆ ಮಾಡಿದವರು ಕಥೆ ಏನು ಹೇಳಿಯಾರು ಎಂದು ನಾನು ನಿಶ್ಚಿಂತೆಯಾಗಿದ್ದೆ. ಮಾರನೇ ದಿನ ನೋಡಿದರೆ ಬಾವಿಯೊಳಗೆ ನಿಧಿ ಸಿಕ್ಕಿತ್ತು, ನಿಧಿಗೆ ಕಳ್ಳರು ಬಂದಿದ್ದರು, ಕಳ್ಳರನ್ನು ಹಿಡಿಯಲು ಹೆಲಿಕಾಪ್ಟರೇ ಇಳಿದಿತ್ತು. ಕೇಳುತ್ತಾ ಕೇಳುತ್ತಾ ನಾನೇ ಕತ್ತರಿ ಕೆಳಗಿಟ್ಟೆ.

ಪಕ್ಕದ ಮನೆಯಾಕೆಗೆ ಹೆಲಿಕಾಪ್ಟರ್ ಎಂದರೆ ಪ್ರಾಣ. ಆ ಭಾನುವಾರವೇ ಗಂಡನನ್ನು ಎಳೆದುಕೊಂಡು ಹೋದಳು. ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದವಳ ಮುಖ ಊದಿಕೊಂಡಿತ್ತು.

"ಏನಕ್ಕಾ ನೀನು! ಬಾವಿ ಬಿಟ್ರೆ ಬ್ಯಾರೆ ಏನೂ ಇಲ್ಲ. ನೀ ಹೇಳಿದ್ ಹೆಲಿಕಾಪ್ಟ್ರು ಎಲ್ಲಿ?"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಮುಳ್ಳು ತೆಗೆಯುವುದನ್ನು ನಿಲ್ಲಿಸಲೂ ಇಲ್ಲ.

"ನೀನು ಬಸ್ಸಿಗೆ ಅಂತ ಎದ್ದು ಬಂದ್ಬುಟ್ಯಾ?"

"ಹೂಂ ಮತ್ತೆ. ಬರ್ದೆ ಇರಕ್ಕಾಯ್ತದಾ?"

"ಅದು ಆಮೇಲೆ ಬತ್ತದೆ."

ಕೊನೆವರೆಗೂ ನೋಡಿದವಳು

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಕೃಷ್ಣಗಿರಿ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಶೆಡ್ಡಿಗೆ ಸೇರಿದಳು. ಒಳ್ಳೆಯ ಹುಡುಗಿ, ಕೈ ಚುರುಕು. ಅವಳದು ಒಂದೇ ತೊಂದರೆ, ಸಿನಿಮಾಗಳನ್ನು ಮನೆಯಲ್ಲೇ ಫೋನಿನಲ್ಲಿ ನೋಡುತ್ತಿದ್ದಳು. ಅದೂ ಕೊನೆಯವರೆಗೆ!

ಒಂದು ದಿನ ಅತ್ತೆ ಯಾವುದೋ ಪ್ರೇಮದ ಕಥೆ ಹೇಳಿ ಮುಗಿಸಿ, ಹುಡುಗ ಹುಡುಗಿಗೆ ಮದುವೆ ಮಾಡಿಸಿ, ಬೀಗರಿಗೆ ಊಟ ಬಡಿಸುತ್ತಿದ್ದರು. ಈ ಹುಡುಗಿ ಮುಗ್ಧವಾಗಿ, "ಹಂಗಲ್ಲ ದೊಡ್ಡಮ್ಮ. ಕೊನೇಲಿ ಹುಡುಗ ಸತ್ತೋಯ್ತಾನೆ. ನಾನು ನೋಡಿವ್ನಿ" ಅಂದಳು.

ಕತ್ತರಿಗಳು ನಿಂತವು. ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು, "ಅಮ್ಮಿ, ಆ ಬಾವಿ ಪಿಚ್ಚರ್ ನೋಡಿದ್ಯಾ?"

"ನೋಡಿವ್ನಿ."

"ಕೊನೇಲಿ ಏನಾಯ್ತದೆ?"

"ಬಾವಿ ನೋಡ್ತಾನೇ ಇರ್ತಾನೆ."

ಆವತ್ತಿಂದ ಅತ್ತೆಯನ್ನು ಯಾರೂ ಕಥೆ ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಹುಡುಗಿಯ ಫೋನನ್ನು ಬಕೆಟ್ಟಿಗೆ ಒರಗಿಸಿಟ್ಟು ಎಲ್ಲರೂ ಅದರ ಸುತ್ತ ಕೂರತೊಡಗಿದರು. ಅತ್ತೆ ಒಬ್ಬರೇ ಶೆಡ್ಡಿನ ಆ ಮೂಲೆಯಲ್ಲಿ, ನೀರಿನ ತೊಟ್ಟಿಯ ಹತ್ತಿರ ಎಲೆ ಸವರುತ್ತಿದ್ದರು. ವರ್ಷಗಟ್ಟಲೆ ಕಥೆ ಹೇಳಿ ಆ ಹೆಂಗಸರ ಬೆರಳಿಗೆ ಚುಚ್ಚಿದ ಮುಳ್ಳು ನೋಯದ ಹಾಗೆ ನೋಡಿಕೊಂಡವರು ನಮ್ಮತ್ತೆ. ಅವರ ಮಾತಿಗೆ ಇದ್ದ ಬೆಲೆ ಒಂದೇ ದಿನದಲ್ಲಿ ಮಣ್ಣುಪಾಲಾಗಿತ್ತು. ಮನೆಯಲ್ಲೂ ಅವರು ಮಾತು ಬಿಟ್ಟರು, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಒಂದು ರಾತ್ರಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ಬೈಯದೆ ಉಂಡರು.

ಆಗ ನನಗೆ ನಿಜವಾಗಿ ಭಯವಾಯಿತು.

ಕೊನೆಗೂ ಒಂದು ಕೊನೆ

ಯೋಚನೆ ಮಾಡಿ ಒಂದು ದಾರಿ ಹುಡುಕಿದೆ. ಅತ್ತೆ ಒಂದೇ ಒಂದು ಸಿನಿಮಾವನ್ನು ಎಲ್ಲರ ಎದುರು ಪೂರ್ತಿ ನೋಡಿಬಿಟ್ಟರೆ, ಆ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಬಹುದು. ಆಗ ಯಾವ ಫೋನೂ ಅವರನ್ನು ಸುಳ್ಳುಗಾರ್ತಿ ಮಾಡಲಾರದು. ಅಷ್ಟರಲ್ಲೇ ಎಲ್ಲರೂ ಕಾಯುತ್ತಿದ್ದ ರಾಜರ ಕಾಲದ ದೊಡ್ಡ ಸಿನಿಮಾ ಹೊಸೂರಿಗೆ ಬಂತು. ತೋಟದ ಮಾಲೀಕರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಹೂವಿನ ವ್ಯಾನ್ ಕೇಳಿಕೊಂಡೆ. ಶೆಡ್ಡಿನವರೆಲ್ಲ ಹೊರಟರು, ಆ ಹುಡುಗಿಯೂ ಹೊರಟಳು.

ಅತ್ತೆಗೆ ಮಾತ್ರ ಒಳಗೊಳಗೇ ಅಳುಕು. "ಕೊನೆ ನೋಡಿ ನಂಗೆ ಅಭ್ಯಾಸ ಇಲ್ಲ ಕಣೆ," ಅಂದರು ದಾರಿಯಲ್ಲಿ. "ನಾನ್ ಅಂದ್ಕೊಂಡಂಗೆ ಇಲ್ದಿದ್ರೆ?"

"ಇಲ್ದಿದ್ರೆ ಹೋಗ್ಲಿ ಬಿಡಿ ಅತ್ತೆ. ನೋಡಿದ್ನ ನೋಡ್ದಂಗೆ ಹೇಳಿ."

ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ಅವರಿಗೆ ಎಷ್ಟು ಕಷ್ಟವೆಂದು ನನಗೂ ಗೊತ್ತಿತ್ತು.

ಸಿನಿಮಾ ಏನೋ ಜೋರಾಗಿತ್ತು. ಕೋಟೆ, ಕುದುರೆ, ಎಲ್ಲಿ ನೋಡಿದರೂ ಬೆಂಕಿ. ಬಸ್ಸಿನ ಹೊತ್ತಾಗುತ್ತಿದ್ದಂತೆ ಟಿಕೆಟ್ ಹರಿಯುವ ಅಣ್ಣ ಬಂದು ಬಾಗಿಲು ತೆರೆದ. ನಮ್ಮ ಸಾಲಿಗೆ ಸಾಲೇ ಎದ್ದು ನಿಂತು ಹಿಂದಕ್ಕೆ ನಡೆಯತೊಡಗಿತು! ನಾನು ಒಬ್ಬೊಬ್ಬರ ಸೆರಗು ಹಿಡಿದು ಎಳೆದು, "ವ್ಯಾನ್ ಇದೆ, ಕೂತ್ಕೊಳ್ರಮ್ಮಾ" ಎಂದು ಕೂರಿಸಬೇಕಾಯಿತು. ಅತ್ತೆ ಸೀಟಿನ ಅಂಚಿಗೆ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು.

ಹೀರೋ ಒಬ್ಬನೇ ಕೋಟೆ ಬಾಗಿಲಲ್ಲಿ ನಿಂತ. ಎದುರಿಗೆ ಇಡೀ ಸೈನ್ಯ. ಒಳಗೆ ಅವನ ಹೆಂಡತಿಯ ಕುತ್ತಿಗೆಗೆ ಕತ್ತಿ. ಹೀರೋ ಕತ್ತಿ ಎತ್ತಿದ. ಸೈನ್ಯ ನುಗ್ಗಿತು. ಅತ್ತೆಯ ಉಗುರು ನನ್ನ ಕೈಗೆ ಇಳಿಯಿತು.

ಪರದೆ ಕಪ್ಪಾಯಿತು. ದೊಡ್ಡ ಅಕ್ಷರಗಳು ಬಂದವು: ಉಳಿದದ್ದು ಎರಡನೇ ಭಾಗದಲ್ಲಿ.

ಲೈಟು ಹತ್ತಿತು. ಥಿಯೇಟರಿನಲ್ಲಿ ಕೂಗಾಟ, ಶಿಳ್ಳೆ, ಬೈಗುಳ. ಅತ್ತೆ ಕಣ್ಣು ಮಿಟುಕಿಸದೆ ಪರದೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇಷ್ಟೇನಾ? ಕೂತೋರ್ಗೆಲ್ಲ ಕೊನೆ ತೋರಿಸ್ತಾರೆ ಅಂತ ಇಷ್ಟ್ ವರ್ಷ ಹೊಟ್ಟೆ ಉರ್ಕೊಂಡಿದ್ನಲ್ಲೇ! ಅವ್ರ್ನೂ ಹಿಂಗೇ ಕಳಿಸ್ತಿದ್ರಾ?"

ವ್ಯಾನಿನಲ್ಲಿ ಖಾಲಿ ಬಕೆಟ್ಟುಗಳ ನಡುವೆ ಎಲ್ಲರೂ ಮುಖ ಇಳಿಬಿಟ್ಟು ಕೂತರು. ಹುಡುಗಿ ಫೋನಿನಲ್ಲಿ ಏನೇನೋ ಹುಡುಕಿ, "ಎರಡನೇ ಭಾಗ ಇನ್ನೂ ತೆಗ್ದೇ ಇಲ್ವಂತೆ. ಯಾವಾಗ ಬತ್ತದೋ ಯಾರ್ಗೂ ಗೊತ್ತಿಲ್ಲ" ಅಂದಳು.

ವ್ಯಾನು ಹೊಸೂರು ದಾಟಿತು. ಹೀರೋ ಹೆಂಡತಿಯ ಕುತ್ತಿಗೆ ಮೇಲೆ ಕತ್ತಿ ಇದ್ದ ಹಾಗೇ ಬಿಟ್ಟು ಇವರೆಲ್ಲ ಮನೆಗೆ ಹೋಗಿ ಹೇಗೆ ಮಲಗಬೇಕು? ಕೊನೆಗೆ ಪಕ್ಕದ ಮನೆಯಾಕೆ ಬಕೆಟ್ಟು ಸರಿಸಿ, ಅತ್ತೆಯ ಹತ್ತಿರ ಬಂದು ಕೂತಳು. "ಅಕ್ಕಾ," ಅಂದಳು ಸಣ್ಣ ದನಿಯಲ್ಲಿ. "ಆಮೇಲೇನಾಯ್ತು?"

ಅತ್ತೆ ಸ್ವಲ್ಪ ಬಿಗುಮಾನ ಮಾಡಿದರು. "ನಂಗೇನ್ ಗೊತ್ತು? ನಾನ್ ಸುಳ್ಳ್ ಹೇಳೋಳು."

"ಹೇಳಕ್ಕಾ!" ಅಂದರು ಎಲ್ಲರೂ. ಡ್ರೈವರ್ ಕೂಡ ತನಗೂ ಕೇಳಲಿ ಎಂದು ಹಿಂದಿನ ಕಿಟಕಿ ಸರಿಸಿದ.

ಅತ್ತೆ ಸೆರಗು ಸರಿಮಾಡಿಕೊಂಡರು. ಅವರ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. "ಸೈನ್ಯ ನುಗ್ತು. ಇವ್ನು ಒಬ್ನೇ. ಅಷ್ಟೊತ್ಗೆ ಕೋಟೆ ಹಿಂದ್ಲಿಂದ ಬಿಳೀ ಕುದ್ರೆ ಮ್ಯಾಲೆ ಬಂದ ನೋಡು, ಹೀರೋ ತಮ್ಮ..."

ಹುಡುಗಿಗೆ ತಡೆಯಲಾಗಲಿಲ್ಲ. "ಹೀರೋಗೆ ತಮ್ಮನೇ ಇಲ್ವಲ್ಲ ದೊಡ್ಡಮ್ಮ? ಈಗ ತಾನೇ ಎಲ್ರೂ ನೋಡ್ಕೊಂಡ್ ಬಂದ್ವಿ!"

ಪಕ್ಕದ ಮನೆಯಾಕೆ ಸರ್ರನೆ ಅವಳ ಕಡೆ ತಿರುಗಿದಳು.

"ನೀ ಸುಮ್ಕಿರಮ್ಮಿ! ನಿಂಗೇನ್ ಗೊತ್ತು? ನೀನ್ ಬರೀ ಪಿಚ್ಚರ್ ನೋಡಿರೋಳು."