ಅಣ್ಣನ ಹಲ್ಲಿನಿಂದ ಒಂದು ತುತ್ತು ರೊಟ್ಟಿ

ಅಣ್ಣನ ಸಾಮಾನನ್ನು ತಮ್ಮ ಕೇಳದೆ ಬಳಸಿದರೆ ಅದು ಕಳ್ಳತನವೇ ಎಂದು ನಾನು ಬಹಳ ದಿನ ವಿಚಾರ ಮಾಡಿದ್ದೇನೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನ ವಿಚಾರ ಎಷ್ಟು ದೂರ ಹೋದೀತು? ಆದರೂ ನನ್ನ ಪರವಾಗಿ ಒಂದಿಷ್ಟು ಹೇಳಿಕೊಳ್ಳಬೇಕು. ಮಮದಾಪುರದಲ್ಲಿ ನಾವಿಬ್ಬರು ಬೆಳೆಯುವಾಗ ಮನೆಯಲ್ಲಿ ಯಾವ ವಸ್ತುವೂ ಎರಡು ಇರಲಿಲ್ಲ. ಒಂದು ಕಂಬಳಿ, ಒಂದು ಕೊಡೆ, ಒಂದು ಜೊತೆ ಚಪ್ಪಲಿ. ಇಬ್ಬರೂ ಕೂಡಿ ಸಂತೆಗೆ ಹೋದರೆ ಹೋಗುವಾಗ ಚಪ್ಪಲಿ ಅವನ ಕಾಲಲ್ಲಿ, ಬರುವಾಗ ನನ್ನ ಕಾಲಲ್ಲಿ. ಅವನ ಮದುವೆಯ ಕೋಟೇ ಮುಂದೆ ನನ್ನ ಮದುವೆಗೂ ಬಂತು. ತೋಳು ತುಸು ಉದ್ದವಾಯಿತು, ಅಷ್ಟೇ. ಹೀಗೆ ಬೆಳೆದವನಿಗೆ ಅಣ್ಣನದು ಯಾವುದು, ತನ್ನದು ಯಾವುದು ಎಂಬ ಗೆರೆ ಸರಿಯಾಗಿ ಕಾಣುವುದಿಲ್ಲ. ನನಗಂತೂ ಕಾಣಲಿಲ್ಲ. ಅದು ಹಲ್ಲಿನ ತನಕ ಹೋಯಿತು.

ಹಲ್ಲೆಂದರೆ ಕಟ್ಟಿಸಿದ ಹಲ್ಲು. ಅಣ್ಣ ಮುಂಬಯಿಯಲ್ಲಿ ಅರಿವೆಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯೇ ಒಬ್ಬ ಹಲ್ಲಿನ ಡಾಕ್ಟರರಿಂದ ಮೇಲಿನ ಸೆಟ್ಟು ಕಟ್ಟಿಸಿಕೊಂಡಿದ್ದ. ನಾನು ಗೋಕಾಕದ ಪೇಟೆಯಲ್ಲಿ ದರ್ಜಿ. ತಂಬಾಕಿನ ಕೃಪೆಯಿಂದ ನನ್ನ ಮೇಲಿನ ಹಲ್ಲುಗಳು ಅಣ್ಣನ ಹಲ್ಲಿಗಿಂತ ಮೊದಲೇ ಹೊರಟುಹೋಗಿದ್ದವು. ದರ್ಜಿಗೆ ಹಲ್ಲೆಂದರೆ ಒಂದು ಹತಾರ. ದಾರ ಕಚ್ಚಿ ಹರಿಯುವ ಸುಖವನ್ನು ಬಿಟ್ಟು ಪ್ರತಿ ಹೊಲಿಗೆಗೂ ಕತ್ತರಿ ಹುಡುಕುವ ಬಾಳು ನನ್ನದಾಗಿತ್ತು. ಅದಕ್ಕಿಂತ ದೊಡ್ಡ ದುಃಖ ರೊಟ್ಟಿಯದು. ನನ್ನ ಹೆಂಡತಿ ಬೆಲ್ಲದ ಬಾಗೇವಾಡಿಯವಳು. ಅವಳು ಬಡಿದು ಒಣಗಿಸಿದ ಕಟಕ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣಬೇಕು. ಅಂಥ ರೊಟ್ಟಿಯನ್ನು ನಾನು ಎಷ್ಟೋ ವರ್ಷಗಳಿಂದ ಸಾರಿನಲ್ಲಿ ಮುರಿದುಹಾಕಿ, ಮೆತ್ತಗಾಗುವ ತನಕ ಕಾಯ್ದು, ಕೂಸಿನ ಹಾಗೆ ತಿನ್ನುತ್ತಿದ್ದೆ.

ಆ ಸಲ ಅಣ್ಣ ಬಂದದ್ದು ನನ್ನ ಮಗಳು ಶಾಂತಾಳ ಸಂಬಂಧದ ಮಾತಿಗೆ. ಹುಡುಗನ ಕಡೆಯವರು ಮೂಡಲಗಿಯವರು. ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಒಂದು ಮಾತು ಮಾತ್ರ ಉಳಿದಿತ್ತು. ಶಾಂತಾ ನನ್ನ ಕೈಯಲ್ಲಿ ಹೊಲಿಗೆ ಕಲಿತು ನನಗಿಂತ ಚೆನ್ನಾಗಿ ಜಂಪರು ಹೊಲಿಯುತ್ತಿದ್ದಳು. ಗಂಡನ ಮನೆಗೆ ಹೊಲಿಗೆಯ ಮಿಷನ್ನು ಒಯ್ಯಬೇಕೆಂಬುದು ಅವಳ ಆಸೆ. ಹುಡುಗನ ಅಪ್ಪ ಹಿಂದಿನ ಸಲವೇ, "ನಮ್ಮ ಮನಿ ಸೊಸಿ ಮಂದಿ ಅರಬಿ ಹೊಲ್ಯಾಂಗಿಲ್ರಿ" ಅಂದಿದ್ದರು. ನಾನು ಹೂಂ ಅಂದಿದ್ದೆ. ದೊಡ್ಡವರ ಮುಂದೆ ಕುಳಿತರೆ ನನಗೆ ಬರುವುದು ಅದೊಂದೇ ಮಾತು. ಅದಕ್ಕೇ ಶಾಂತಾ ನನ್ನನ್ನು ಬಿಟ್ಟು ನನ್ನ ಅಣ್ಣನ ಬಳಿ ಹೋಗಿ, "ದೊಡ್ಡಪ್ಪಾ, ಮಿಷನ್ ಬಿಟ್ಟು ನಾ ಒಲ್ಲೆ. ನೀನ ಹೇಳ. ಅಪ್ಪ ಎಲ್ಲಾದಕ್ಕೂ ಹೂಂ ಅಂತಾನ" ಎಂದಳು. ಅಣ್ಣ ಅವಳ ತಲೆ ಸವರಿ, "ನಾ ಅದೀನಲ್ಲಾ. ಬೀಗರ ಮುಂದ ನಾ ಮಾತಾಡ್ತೀನಿ" ಎಂದ. ಅಣ್ಣನ ಮಾತೆಂದರೆ ಗೋದಾಮಿನ ಸೇಟಜಿಯೂ ಎದ್ದು ಕುಳಿತು ಕೇಳುವಂಥದು. ಆದರೆ ಹಲ್ಲು ಬಾಯಲ್ಲಿದ್ದರೆ ಮಾತ್ರ. ಹಲ್ಲಿಲ್ಲದೆ ಅವನು ನೆರೆಮನೆಯ ಎಮ್ಮೆಗೂ ಮುಖ ತೋರಿಸುತ್ತಿರಲಿಲ್ಲ.

ಬೀಗರು ಬರುವ ಹಿಂದಿನ ದಿನ ಮುಂಜಾನೆ ಅಣ್ಣ ಜಳಕಕ್ಕೆ ಹೋದ. ಹೋಗುವ ಮುಂಚೆ ಸೆಟ್ಟನ್ನು ತೆಗೆದು ಗೋಡೆಯ ಮಾಡದಲ್ಲಿ ಪಿಂಗಾಣಿ ಬಟ್ಟಲಿನಲ್ಲಿಟ್ಟ. ಅದರ ಕೆಳಗೇ ರೊಟ್ಟಿಯ ಬುಟ್ಟಿ. ಬುಟ್ಟಿಯ ಪಕ್ಕ ಶೇಂಗಾ ಚಟ್ನಿ. ನನ್ನ ತಪ್ಪಿನಲ್ಲಿ ಹೆಂಡತಿ ಸಾಮಾನು ಹೊಂದಿಸಿಡುವ ರೀತಿಗೂ ಒಂದು ಪಾಲಿದೆ ಎಂದು ಈಗಲೂ ನನಗನಿಸುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಚಪ್ಪಲಿ ಹೊಂದಿತು, ಕೋಟು ಹೊಂದಿತು, ಒಸಡು ಬೇರೆ ಹೇಗಿದ್ದೀತು ಎಂದುಕೊಂಡು ಸೆಟ್ಟನ್ನು ಬಾಯಿಗೆ ಹಾಕಿಕೊಂಡೆ. ಅದು ಮುಂದೆ ಕೂತರೆ ಹಿಂದೆ ಏಳುತ್ತಿತ್ತು, ಹಿಂದೆ ಕೂತರೆ ಮುಂದೆ. ಹೆಬ್ಬೆರಳಿನಿಂದ ಒತ್ತಿದೆ. ನಂತರ ರೊಟ್ಟಿಯ ಅಂಚಿಗೆ ಚಟ್ನಿ ಹಚ್ಚಿ ಕಚ್ಚಿದೆ. ಕಟಕ್ ಎಂದಿತು. ಆಹಾ, ಎಷ್ಟು ವರ್ಷದ ಮೇಲೆ ಕೇಳಿದ ಸಪ್ಪಳ ಎಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ರೊಟ್ಟಿ ಕೈಯಲ್ಲಿ ಇಡಿಯಾಗಿಯೇ ಇತ್ತು. ಮುರಿದದ್ದು ಬೇರೆ.

ಎರಡು ತುಂಡನ್ನೂ ತೊಳೆದು ಬಟ್ಟಲಿನಲ್ಲಿಟ್ಟು, ಅಂಗಡಿಗೆ ಹೋಗಿ ಮಿಷನ್ನಿನ ಮುಂದೆ ಕುಳಿತು, ಅರಿವೆಯಿಲ್ಲದೆ ಮಿಷನ್ನು ತುಳಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಅಣ್ಣನೇ ಬಂದ. ಬಾಯಿಗೆ ಟಾವೆಲ್ಲು ಅಡ್ಡ ಹಿಡಿದಿದ್ದ. "ತಮ್ಮಾ, ಸೆಟ್ ಮುರದೈತಿ. ನಾನ ಜೋರಾಗಿ ಇಟ್ಟೆ ಕಾಣಸ್ತೈತಿ. ನಿನ್ನ ಮಗಳ ಕೆಲಸಕ್ಕಂತ ಬಂದು ನಾನ ಅಡ್ಡ ಆದ್ನಲ್ಲೋ, ಸಿಟ್ಟಾಗಬ್ಯಾಡ" ಎಂದ. ಆಗ ನಾನು ಏನು ಹೇಳಬೇಕಿತ್ತು ಎಂಬುದು ಓದುವವರಿಗೆ ಗೊತ್ತು, ನನಗೂ ಗೊತ್ತಿತ್ತು. ನಾನು ಹೇಳಿದ್ದು, "ಇರ್ಲಿ ಬಿಡಣ್ಣಾ, ಯಾರ ಕೈಯಾಗರೆ ಆಗತೈತಿ." ಅಂದರೆ, ಅವನನ್ನು ನಾನು ಕ್ಷಮಿಸಿದೆ! ಕ್ಷಮಿಸಿದ್ದಕ್ಕೆ ಅವನು ನನ್ನ ಭುಜ ತಟ್ಟಿದ. ಆ ಪೆಟ್ಟು ಇನ್ನೂ ನೋಯುತ್ತದೆ.

ಆ ಹಲ್ಲಿನ ಊರು ಮುಂಬಯಿ. ನಮ್ಮಲ್ಲಿ ಅದು ಪರದೇಶಿ. ಅದರ ಮಾತು ತಿಳಿಯುವವರು ಗೋಕಾಕದಲ್ಲಿ ಆಗ ಯಾರೂ ಇರಲಿಲ್ಲ. ಬೆಳಗಾವಿಗೆ ಹೋಗಿ ಮಾಡಿಸಿ ಬರಲು ವೇಳೆ ಇಲ್ಲ. ಕೊನೆಗೆ ಗೋಕಾಕದವರಿಗೆ ಮಾತ್ರ ಹೊಳೆಯಬಹುದಾದ ದಾರಿ ಹೊಳೆಯಿತು. ಕಟ್ಟಿಗೆಯ ಬಾಳೆಹಣ್ಣು, ಗಿಳಿ, ಗೊಂಬೆ ಮಾಡುವ ಚಿತ್ರಗಾರರ ಓಣಿಗೆ ಹೋದೆವು. ಅಲ್ಲಿಯ ಪರಿಚಯದ ಮುದುಕ ತುಂಡುಗಳನ್ನು ತಿರುವಿ ನೋಡಿ, "ಗೊಂಬಿ ಬಾಯಾಗ ಹಲ್ಲ ಬರದೀನ್ರಿ, ಮನಶ್ಯಾರ ಬಾಯಿಗೆ ಹಲ್ಲ ಕೂಡಸೂದು ಇದ ಮೊದಲ" ಎಂದು ಹುಣಸೆಬೀಜದ ಅಂಟು ಹಚ್ಚಿ, ದಾರ ಸುತ್ತಿ ಒಣಗಲು ಇಟ್ಟ. ಅಂಟು ಚೆನ್ನಾಗಿಯೇ ಹಿಡಿಯಿತು. "ಒಸಡಿಗೆ ಬಣ್ಣ ಹಚ್ಚಲೇನ್ರಿ? ಗಿಳಿ ಮೂಗಿಂದು ಚೊಲೋ ಕೆಂಪ ಉಳದೈತಿ" ಎಂದೂ ಕೇಳಿದ. ಅಣ್ಣ ಬೇಡವೆಂದು ಕೈಯಾಡಿಸಿದ. ಹೊರಡುವಾಗ ಮುದುಕ ಎಲ್ಲ ಗೊಂಬೆಗಳಿಗೂ ಹೇಳುವ ಮಾತನ್ನೇ ಇದಕ್ಕೂ ಹೇಳಿದ: "ನೀರ ಮಾತ್ರ ತಾಗಸಬ್ಯಾಡ್ರಿ."

ಬಾಯಲ್ಲಿ ಇಡುವ ವಸ್ತುವಿಗೆ ನೀರು ತಾಗಿಸದೆ ಇರುವ ಬಗೆಯನ್ನು ಅಣ್ಣ ಮರುದಿನ ತೋರಿಸಿಕೊಟ್ಟ. ಬೀಗರು ಬಂದು ಜಮಖಾನೆಯ ಮೇಲೆ ಕುಳಿತಾಗಿನಿಂದ ಅವನು ಬಾಯಿ ಬಿಡಲಿಲ್ಲ. ಚಹಾ ಕೊಟ್ಟರೆ ಕೈಯಲ್ಲೇ ಹಿಡಿದು ಕುಳಿತ. ಹುಡುಗನ ಅಪ್ಪ, ದೊಡ್ಡ ರುಮಾಲಿನ, ದೊಡ್ಡ ದನಿಯ ಮನುಷ್ಯ, "ಮಿಷನ್ನಿನ ಮಾತು ಮುಗೀತಲ್ರಿ? ನಿಮ್ಮ ತಮ್ಮಾರು ಹೂಂ ಅಂದಾರ. ನೀವೇನಂತೀರಿ?" ಎಂದರು. ಅಣ್ಣ ಸುಮ್ಮನಿದ್ದ. ಒಳಬಾಗಿಲ ಸಂದಿನಲ್ಲಿ ಶಾಂತಾಳ ಮುಖ ಕಂಡಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಹೂಂ ಎಂದೇ ಬಂತು. ಬೀಗರು ನಕ್ಕು, "ಹಿರ್ಯಾರು ಸುಮ್ಮನಿದ್ರ ಒಪ್ಪಿದಂಗ ಆತು. ಬಾಯಿ ಸೀ ಮಾಡ್ರಿ" ಎಂದು ತಟ್ಟೆಯಿಂದ ಕರದಂಟಿನ ದೊಡ್ಡ ತುಂಡೆತ್ತಿ ಅಣ್ಣನ ಬಾಯಿಗೇ ಇಟ್ಟರು. ಬೀಗರು ಕೈಯಾರೆ ಇಟ್ಟ ಸಿಹಿಯನ್ನು ನುಂಗಿದರೆ ನಮ್ಮಲ್ಲಿ ಮಾತು ಮುಗಿದ ಹಾಗೆ. ಆಮೇಲೆ ಯಾರೂ ಅದನ್ನು ಎತ್ತುವಂತಿಲ್ಲ.

ಅಣ್ಣ ಕಚ್ಚಿದ. ನಾನು ಮೊದಲು ಕೇಳಿದ್ದ ಸಪ್ಪಳವೇ ಕೇಳಿತು. ಕರದಂಟಿನ ಅಂಟಿನ ಮುಂದೆ ಹುಣಸೆಬೀಜದ ಅಂಟು ನಿಲ್ಲಲಿಲ್ಲ. ಅಣ್ಣ ಗಡಿಬಿಡಿ ಮಾಡದೆ ಕೈವಸ್ತ್ರ ಹಿಡಿದು, ಹಲ್ಲಿನ ಎರಡು ತುಂಡು ಮತ್ತು ಅದರ ನಡುವೆ ಸಿಕ್ಕ ಕರದಂಟು, ಮೂರನ್ನೂ ಹೊರತೆಗೆದು ಮಡಿಚಿಟ್ಟ. ಕುಳಿಬಿದ್ದ ಬಾಯಿಂದ, ಅರ್ಧ ಅಕ್ಷರ ಗಾಳಿಯಾಗಿ ಹೋಗುತ್ತಿದ್ದರೂ, ಜೋರಾಗಿಯೇ ಹೇಳಿದ: "ನಾ ಇನ್ನೂ ನುಂಗಿಲ್ರಿ ಬೀಗರ. ಹಲ್ಲ ಮುಂಬೈದು, ಮಾತು ನಂದು. ಹುಡಿಗಿ ಜೋಡಿ ಮಿಷನ್ ಬರತೈತಿ. ಆಕಿ ಹೊಲಿಯಾಕಿ. ಒಲ್ಲೆ ಅಂದ್ರ ನಿಮ್ಮ ಕರದಂಟ ನಿಮಗ ತಿರುಗಿ ಕೊಡ್ತೀನಿ." ಕೈವಸ್ತ್ರವನ್ನು ಮುಂದೆ ಚಾಚಿದ. ಬೀಗರು ಅದನ್ನು ನೋಡಿದರು, ಅಣ್ಣನನ್ನು ನೋಡಿದರು, ರುಮಾಲು ಸಡಿಲಾಗುವ ಹಾಗೆ ನಕ್ಕರು. "ಬ್ಯಾಡ್ರಿ ಮಾರಾಯರ, ಅದನ್ನ ತಿರುಗಿ ತಗೊಳ್ಳೂದಕಿಂತ ಮಿಷನ್ ತಗೊಳ್ಳೂದ ಚೊಲೋ" ಎಂದರು.

ಮದುವೆಗೆ ಅಣ್ಣ ಹೊಸ ಸೆಟ್ಟು ಹಾಕಿಕೊಂಡು ಬಂದ. ಹಂದರದಲ್ಲಿ ಬೀಗರೆಲ್ಲ ಕುಳಿತಾಗ ಜೇಬಿನಿಂದ ಒಂದು ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟ. ಒಳಗೆ ಹಳೆಯ ಸೆಟ್ಟು, ಮುಂಬಯಿಯಲ್ಲಿ ಗಟ್ಟಿಯಾಗಿ ಕೂಡಿಸಿದ್ದು. "ನೀ ರೊಟ್ಟಿ ನೆನಸಿ ತಿನ್ನೂದ ನೋಡಿ ಕರಳ ಚುರ್ ಅಂದಿತ್ತೋ ತಮ್ಮಾ. ಒಂದ ತಾಯಿ ಮಕ್ಕಳು, ನಿನಗ ಹೊಂದತೈತಿ. ಹಾಕ್ಕೊ." ಹೊಂದುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಹಾಕಿ ನೋಡದವನಿಗೆ ಅದು ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ? ಹಾಕಿಕೊಂಡೆ. ಮುಂದೆ ಕೂತಿತು, ಹಿಂದೆ ಎದ್ದಿತು. "ಹೆಂಗೈತಿ?" ಎಂದ ಅಣ್ಣ, ಮಗುವಿನ ಹಾಗೆ ನನ್ನ ಬಾಯನ್ನೇ ನೋಡುತ್ತ. ಊರವರ ಮೈಗೆಲ್ಲ ಅಳತೆ ಹಿಡಿಯುವ ನಾನು, ಅಂಗುಲ ಅಂಗುಲವೂ ತಪ್ಪಿದ ಆ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ನನಗೆ ಬರುವ ಒಂದೇ ಮಾತನ್ನು ಹೇಳಿದೆ: "ಹೂಂ."

ಅವನು ಊರಿಗೆ ಬಂದಾಗಲೆಲ್ಲ ಈಗಲೂ ಅದನ್ನು ಹಾಕಿಕೊಂಡು ಅವನ ಪಕ್ಕ ಊಟಕ್ಕೆ ಕೂಡುತ್ತೇನೆ. ಹೆಂಡತಿ ನನ್ನ ತಟ್ಟೆಗೆ ಕಟಕ ರೊಟ್ಟಿಯನ್ನೇ ಹಾಕುತ್ತಾಳೆ, ನೆನಸಲು ಸಾರು ಹಾಕುವುದಿಲ್ಲ.