ಕೈಲೆ ಬಡದ ರೊಟ್ಟಿಯ ವಕಾಲತ್ತು

ನಮ್ಮ ಕಾಕಾ ಜಗಳಗಂಟ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಆಜೂಬಾಜೂದವರ ಜೋಡಿ ಅವರು ಇವತ್ತಿನ ತನಕಾ ಜೋರಾಗಿ ಒಂದು ಮಾತಾಡಿಲ್ಲ. ಅವರು ಜಗಳಾ ಆಡೂದು ಬರೇ ದೇಶಗಳ ಜೋಡಿ! ಮುಂಜಾನೆ ಪೇಪರ್ ಬಿಚ್ಚೂದಽ ತಡಾ, ಯಾವ ದೇಶದವರು ಯಾರ ಮಾಲು ತಡದಾರ ಅಂತ ಹುಡುಕ್ತಾರ. ಸಿಕ್ತೋ, ಮುಗೀತು. ಬೈರಿದೇವರಕೊಪ್ಪದ ವರಾಂಡಾದಾಗ ಕುಂತು ಆ ದೇಶದ ಪ್ರಧಾನಿಯ ನೀರಿಳಸ್ತಾರ. ಪಾಪ, ಆ ಮನುಷ್ಯಾಗ ಸುದ್ದೀನಽ ಮುಟ್ಟೂದಿಲ್ಲ.

ಕಾಕಾ ಲಾ ಕಾಲೇಜಿನಾಗ ಪಾಠಾ ಹೇಳ್ತಿದ್ರು. ದೇಶ ದೇಶಗಳ ನಡುವಿನ ವ್ಯಾಪಾರದ ಕಾಯ್ದೆ ಅವರ ವಿಷಯ. ಅದನ್ನ ತಗೊಂಡ ನಾಕು ಹುಡುಗರೂ ಮಧ್ಯಾಹ್ನದ ನಿದ್ದಿಗಂತ ತಗೊಂಡವರು ಅಂತ ನಮ್ಮ ಕಾಕು ಹೇಳ್ತಾಳ. ಆದ್ರ ಕಾಕಾಗ ಅದು ದೇವರ ಸಮಾನ.

"ನೋಡು ತಮ್ಮಾ, ನಿಮ್ಮ ಮಾಲು ಬ್ಯಾಡ ಅನ್ನೂದು ತಪ್ಪಲ್ಲ. ತಮ್ಮ ಜನರ ಹೊಟ್ಟಿ ಕಾಯೂ ಹಕ್ಕು ಎಲ್ಲಾ ದೇಶಕ್ಕೂ ಅದ. ಆದ್ರ ಕಾರಣಾ ಹೇಳಬೇಕು, ಮೊದಲಽ ಹೇಳಬೇಕು, ಆ ಕಾರಣಾ ಖರೇ ಇರಬೇಕು. ತಮ್ಮವರಿಗೊಂದು, ಹೊರಗಿನವರಿಗೊಂದು ಅಂತ ಮಾಡಬಾರ್ದು. ಇಷ್ಟಽ ಕಾಯ್ದೆ!"

"ಇಷ್ಟಕ್ಕ ಅಷ್ಟು ದಪ್ಪ ದಪ್ಪ ಪುಸ್ತಕಾ ಯಾಕ ಕಾಕಾ?"

"ಇಷ್ಟನ್ನೂ ಯಾರೂ ಪಾಲಸೂದಿಲ್ಲಲ್ಲೋ, ಅದಕ್ಕ!"

ಒಮ್ಮೆ ನಮ್ಮ ಕಾಲನಿಯವರು ಕಾಯಿಪಲ್ಯಾ ಮಾರೋ ಗಾಡಿಗಳನ್ನ ಗೇಟಿನಾಗ ತಡದ್ರು. ರಸ್ತಾ ಹೊಲಸಾಗ್ತದಂತ. ಆದ್ರ ಸೆಕ್ರೆಟರಿಯ ಅಳಿಯನ ವ್ಯಾನು ಮಾತ್ರ ದಿನಾ ಒಳಗ ಬಂದು ಕಾಯಿಪಲ್ಯಾ ಮಾರಿ ಹೋಗ್ತಿತ್ತು! ಕಾಕಾ ಬಿಡ್ತಾರೇನು? ಮೀಟಿಂಗಿನಾಗ ಎದ್ದು ನಿಂತು, "ಹೊಲಸಿನ ನೆವಾ ಹೇಳಿ ಸ್ವಂತದವರನ್ನ ಕಾಯೂದು ಇದು! ನಿಯಮ ಇದ್ರ ಎಲ್ಲಾರಿಗೂ ಒಂದಽ ಇರಬೇಕು!" ಅಂತ ಗುಡುಗಿದ್ರು. ಗೆದ್ರು. ಮರುದಿನಾ ಗೇಟು ಸಗಟು ತೆರೀತು. ಕಾಯಿಪಲ್ಯಾದವ ಬಂದ, ಗುಜರಿಯವ ಬಂದ, ಗಾದಿ ಹೊಲಿಯಾಂವ ಬಂದ, ಮಿಕ್ಸರ್ ರಿಪೇರಿಯವನೂ ಬಂದ. ಒಬ್ಬೊಬ್ಬರ ಗಾಡಿಗೂ ಒಂದೊಂದು ಸ್ಪೀಕರ್! ವಾರದೊಳಗ ನೋಡ್ತೇನಿ, ಕಾಕಾ ಎರಡೂ ಕಿವ್ಯಾಗ ಹತ್ತಿ ಇಟಗೊಂಡು ಕುಂತಾರ.

"ಏನಾತು ಕಾಕಾ?"

"ಏನಿಲ್ಲೋ. ಮುಕ್ತ ವ್ಯಾಪಾರಕ್ಕ ಸ್ವಲ್ಪ ಹತ್ತಿ ಬೇಕಾಗ್ತದ."

ಇಂಥಾ ಕಾಕಾಗ ಒಂದು ಅಡ್ಡಿ ಮಾತ್ರ ಅಲ್ಲೀತನಕಾ ತೆಗೆಸಲಿಕ್ಕೆ ಆಗಿರಲಿಲ್ಲ. ಅದು ಅವರ ಮನಿ ಅಡಗಿಮನಿ ಹೊಸ್ತಿಲಾ! ಮದುವಿಯಾದಾಗಿಂದ ಕಾಕು ಅವರನ್ನ ಅದರ ಒಳಗ ಬಿಟ್ಟಿರಲಿಲ್ಲ. ನಾನು ಹೋಗಬಹುದು, ಭಾಂಡೆ ತಿಕ್ಕಾಕಿ ಹೋಗಬಹುದು, ಬೆಕ್ಕೂ ಹೋಗಬಹುದು.

"ಬೆಕ್ಕಿಗೆ ಬಿಡ್ತಿ, ನನಗ ಬಿಡೂದಿಲ್ಲ! ಇದು ಭೇದಭಾವ!"

"ಬೆಕ್ಕು ಭಾಷಣಾ ಮಾಡೂದಿಲ್ಲ."

"ಕಾರಣರೆ ಹೇಳು."

"ಹೇಳೂದಿಲ್ಲ. ಏನು ಮಾಡ್ತೀರಿ? ಜಿನೀವಾಕ್ಕ ಹೋಗ್ತೀರೇನು?"

ಕಾಕಾ ಗಂಭೀರ ಆಗಿ ಹೇಳಿದ್ರು: "ಹೋಗಲಿಕ್ಕೆ ಬರೂದಿಲ್ಲ. ಅಲ್ಲಿ ದೇಶಗಳ ವ್ಯಾಪಾರದ ತಂಟೆ ಬಿಡಿಸೋ ಕಚೇರಿ ಸರ್ಕಾರಕ್ಕಷ್ಟಽ ಬಾಗಲಾ ತೆರೀತದ. ಖಾಸಗಿ ಮನುಷ್ಯಾ ತನ್ನ ಸರ್ಕಾರದ ಕಡೆನಽ ಹೋಗಿ ಬೇಡಕೋಬೇಕು. ಈ ಮನ್ಯಾಗ ಸರ್ಕಾರ ಅಂದ್ರ ನೀನಽ. ನಾ ಯಾರ ಕಡೆ ಹೋಗ್ಲಿ?"

ಹಿಂಗ ನಡದಿತ್ತು. ಅಷ್ಟರಾಗ ಅಮ್ಮಿನಬಾವಿಯಿಂದ ನೀಲವ್ವ ಬಂದ್ಲು.

ನೀಲವ್ವ ಯಾರು ಅಂದ್ರ, ಕಾಕು ಜೋಡಿ ಸೇರಿ ಅಮ್ಮಿನಬಾವ್ಯಾಗ ಹೆಣ್ಣಮಕ್ಕಳ ರೊಟ್ಟಿ ಸಂಘಾ ಕಟ್ಟಿದಾಕಿ. ಕಾಕು ಹುಟ್ಟಿದ್ದು ಕುಮಟಾದ ಕಡೆ, ಆದ್ರ ಅಕಿ ಬಡದ ಖಡಕ್ ರೊಟ್ಟಿಗೆ ನೀಲವ್ವನಽ ತಲಿ ಬಾಗ್ತಾಳ. ಇವರ ರೊಟ್ಟಿ ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಒಂದು ಪರದೇಶಕ್ಕ ಕಳಸ್ತಿದ್ದ. ಆ ಧೈರ್ಯದ ಮ್ಯಾಲೆ ಹೊಸಾ ಶೆಡ್ಡು ಎದ್ದಿತ್ತು, ಒಲಿ ಬಂದಿದ್ವು, ಮಂದಿ ಹೊಲದಾಗ ಕೂಲಿ ಮಾಡೂ ಹೆಣ್ಣಮಕ್ಕಳು ಬಂದು ಕುಂತಿದ್ರು. ಈಗ ನೋಡಿದ್ರ ಆ ದೇಶದವರು ಒಂದು ಕರಡು ನಿಯಮಾ ಹೊರಡಿಸ್ಯಾರ: ಕೈಲೆ ಬಡದ ರೊಟ್ಟಿ ಶುದ್ಧ ಇರೂದಿಲ್ಲ, ಒಳಗ ಬಿಡಂಗಿಲ್ಲ, ಯಂತ್ರದಾಗ ಒತ್ತಿದ್ದಽ ಬೇಕು. ವ್ಯಾಪಾರಿ ಹೆದರಿ ಅರ್ಧಾ ಮಾಲು ತಗೊಳ್ಳೂದು ಬಿಟ್ಟಿದ್ದ.

"ಯಂತ್ರದ್ದು ಬೇಕಂದ್ರ ಯಂತ್ರ ಇದ್ದವ್ರು ಮಾಡ್ತಾರ್ರಿ ಯಕ್ಕಾರ," ಅಂತ ನೀಲವ್ವ ಸೆರಗಿಲೆ ಕಣ್ಣು ಒರಸಿಕೊಂಡ್ಲು. "ನಮ್ಮ ಒಲಿ ಆರ್ತಾವು. ಹೆಣ್ಣಮಕ್ಳು ಮತ್ತ ಮಂದಿ ಹೊಲಕ್ಕ ಹೋಗೂದಽ ಐತ್ರಿ."

ಕಾಕಾನ ಮುಖಾ ನೋಡಬೇಕಿತ್ತು! ಜೀವಮಾನ ಪೂರ್ತಿ ಪುಸ್ತಕದಾಗ ಓದಿದ್ದು ತಾನಾಗಿ ಮನಿ ಬಾಗಲಿಗೆ ಬಂದಿತ್ತು.

"ನೀಲವ್ವ ಅಳಲಿಕತ್ತಾಳ, ನಿಮಗ ಹಬ್ಬಾ ಆಗೇದೇನು?" ಅಂದ್ಲು ಕಾಕು.

ಕಾಕಾ ನಾಚಿದ್ರು. ಆಮ್ಯಾಲೆ ಮೆತ್ತಗ ಹೇಳಿದ್ರು: "ಅಳಬ್ಯಾಡವಾ. ಇದಿನ್ನೂ ಕರಡು. ಕರಡು ತೋರಿಸಿ 'ಯಾರದೇನು ತಕರಾರು ಅದ' ಅಂತ ಕೇಳೂದು ಅವರ ಕರ್ತವ್ಯ. ನಾವು ನಮ್ಮ ಸರ್ಕಾರಕ್ಕ ಬರಿಯೋಣು, ಸರ್ಕಾರ ಅವರನ್ನ ಕೇಳ್ತದ. ಅಲ್ಲಾ, ಅವರ ಊರಿನ ಬೇಕರಿಯವರು ಹಿಟ್ಟು ಕೈಲೆ ನಾದೂದಿಲ್ಲೇನು? ಅವರದು ಕೈ, ನಿನ್ನದೇನು ಕಾಲೇನು?"

ಅವತ್ತಽ ಕಾಕಾ ಹೇಳಿದ್ರು, ನಾ ಟೈಪ್ ಮಾಡಿದೆ. ಏನು ಭಾಷಾ! ಏನು ಕಲಮು! ಸಂಜೀಕ ಎಲ್ಲಾರ ಮುಂದ ಓದಿ ತೋರಿಸಿದ್ರು: "ನಮ್ಮ ಮಹಿಳೆಯರು ಜೋಳದ ಹಿಟ್ಟನ್ನು ಕಲಸಿ, ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ..."

"ಅಯ್ಯ ನಮ್ಮವ್ವ!" ನೀಲವ್ವ ಗಲ್ಲದ ಮ್ಯಾಲೆ ಕೈ ಇಟ್ಟಳು. "ಸಾಹೇಬ್ರು ಇಷ್ಟು ವರ್ಷ ಏನು ಉಂಡಾರ್ರಿ?"

ಬಡಿಯೂ ಕೈ ಉಳಸಲಿಕ್ಕಂತ ಕುಂತ ವಕೀಲ್ರು ಕೈನಽ ಬಿಟ್ಟು ಲಟ್ಟಣಿಗಿ ಹಿಡದಿದ್ರು! ಹುಟ್ಟಿದಾಗಿಂದ ರೊಟ್ಟಿ ತಿಂದ ಮನುಷ್ಯಾ, ಅದು ಹೆಂಗ ಆಗ್ತದಂತ ಒಮ್ಮೆನೂ ನೋಡಿಲ್ಲ. ಕಾಕು ಹೊಟ್ಟಿ ಹಿಡಕೊಂಡು ನಕ್ಕಳು. ನಕ್ಕು ನಕ್ಕು ಸುಮ್ಮನಾಗಿ, ಅಡಗಿಮನಿ ಬಾಗಲದಾಗ ನಿಂತು, "ಬರ್ರಿ ಒಳಗ, ನೋಡ್ರಿ," ಅಂದ್ಲು.

ಕಾಕಾ ಹೊಸ್ತಿಲದ ಕಡೆ ನೋಡಿದ್ರು. "ಷರತ್ತೇನು?"

"ಬಾಯಿ ಮುಚಗೊಂಡಿರಬೇಕು."

ಒಪ್ಪಿದ್ರು. ನೀಲವ್ವ ಬಡದ್ಲು, ಕಾಕಾ ಹೊಸಾ ವಿದ್ಯಾರ್ಥಿಗತೆ ಮಣಿ ಮ್ಯಾಲೆ ಕುಂತು ನೋಡಿದ್ರು. ಅರ್ಜಿ ತಿದ್ದಿಸಿ ಕಳಿಸಿದ್ವಿ.

ಸರ್ಕಾರದ ಕೆಲಸಾ ಲಗೂ ಆಗ್ತದೇನು? ದಿನಾ ನೀಲವ್ವನ ಫೋನು, "ಏನಾತ್ರಿ ಸಾಹೇಬ್ರ?" ಅಂತ. "ನಮ್ಮವರು ಪ್ರಶ್ನೆ ಕಳಿಸ್ಯಾರವಾ, ಅವರು ಉತ್ತರಾ ಕೊಡಲೇಬೇಕು," ಅಂತಿದ್ರು ಕಾಕಾ. ನನಗಽ ತಡಕೊಳ್ಳಲಿಕ್ಕೆ ಆಗಲಿಲ್ಲ.

"ಅವರು ಒಪ್ಪಲಿಲ್ಲ ಅಂದ್ರ?"

"ಸರ್ಕಾರ ಬೇಕಂದ್ರ ಜಿನೀವಾದ ಪಂಚರ ಮುಂದ ಒಯ್ಯಬಹುದು. ಆದ್ರ ಪಂಚರ ತೀರ್ಪಿನ ಮ್ಯಾಲೆ ಮೇಲ್ಮನವಿ ಕೇಳೋ ಪೀಠ ಸದ್ಯ ಖಾಲಿ ಬಿದ್ದದ, ಸೋತವರು ಅಲ್ಲಿ ಹೋದ್ರ ತೀರ್ಪು ಅಲ್ಲೇ ನೇತಾಡ್ತದ."

"ಹಂಗಾದ್ರ ನಿಮ್ಮ ಕಾಯ್ದೆ ಸತ್ತಂಗಽ ಅಲ್ಲೇನು ಕಾಕಾ?"

"ಹುಚ್ಚಪ್ಪಾ! ಎಷ್ಟೋ ಅಡ್ಡಿ ಕೋರ್ಟಿನ ಮೆಟ್ಟಲಾ ಹತ್ತೂದಽ ಇಲ್ಲ. ಯಾಕ ಅಂತ ಕೇಳಿದ್ರ ಸರೀತಾವ. ಕೇಳೋರು ಬೇಕು, ಕೇಳಕೋತ ಇರಬೇಕು."

ಕಡೀಕೆ ಉತ್ತರಾ ಬಂತು. ಕೈಲೆ ಬಡೀಬಹುದು, ಆದ್ರ ರಬ್ಬರಿನ ಕೈಗವಸು ಹಾಕ್ಕೊಂಡು ಬಡೀಬೇಕಂತ! ನೀಲವ್ವ ಹಾಕ್ಕೊಂಡು ಬಡದು ನೋಡಿದ್ಲು. ಹಿಟ್ಟು ಕೈಗವಸು ಬಿಡಲಿಲ್ಲ, ಕೈಗವಸು ಹಿಟ್ಟು ಬಿಡಲಿಲ್ಲ. ಕಡೀಕೆ ನೀಲವ್ವನ ಕೈ ಅಷ್ಟಽ ಹೊರಗ ಬಂತು. ಆ ಫೋಟೋ ಹಚ್ಚಿ ಕಾಕಾ ಮತ್ತ ಬರದ್ರು: ನಿಮಗ ಬೇಕಾದದ್ದು ಶುದ್ಧ ರೊಟ್ಟಿ ಹೌದಲ್ಲೋ? ಹಂಗಾದ್ರ ಕಾದ ಹಂಚಿನ ಮ್ಯಾಲೆ ಸುಟ್ಟು, ಒಣಗಿ ಖಡಕ್ ಆದ ರೊಟ್ಟಿಯನ್ನ ಪರೀಕ್ಷಾ ಮಾಡ್ರಿ. ಕೈ ಬಿಡ್ರಿ.

ಈ ಸಲಾ ಒಪ್ಪಿದ್ರು! ನಿಯಮದಾಗಿಂದ ಕೈಯಿನ ಮಾತು ಹೋತು, ರೊಟ್ಟಿಯ ಪರೀಕ್ಷಾ ಬಂತು. ಅಮ್ಮಿನಬಾವಿಯ ಒಲಿ ಎಲ್ಲಾ ಹೊತ್ತಿದ್ವು. ನೀಲವ್ವ ಅರಿವ್ಯಾಗ ರೊಟ್ಟಿ ಕಟಗೊಂಡು ಬಂದು, ಕಾಕಾನ ಮುಂದ ಇಟ್ಟು, ಬ್ಯಾಡ ಬ್ಯಾಡ ಅಂದ್ರೂ ಕಾಲು ಮುಟ್ಟಿ ಹೋದ್ಲು.

ಅವತ್ತು ಕಾಕಾಗ ಹುರುಪು ಬಂತು. ತಾವೂ ಒಂದು ರೊಟ್ಟಿ ಬಡಿಯವರಂತ! ಅಡಗಿಮನ್ಯಾಗ ಕುಂತು ಬಡದ್ರು. ದುಂಡಗಿರಲಿಲ್ಲ, ಆದ್ರೂ ರೊಟ್ಟಿ ಅನ್ನಬಹುದಾಗಿತ್ತು. ಎತ್ತಿ ಹಂಚಿಗೆ ಹಾಕಬೇಕಂದ್ರ ಮೂರು ತುಂಡಾತು. ನಾ ನಕ್ಕೆ. ಕಾಕು ನಗಲಿಲ್ಲ. ತುಂಡುಗಳನ್ನ ಒಂದೊಂದಽ ಹಂಚಿಗೆ ಹಾಕ್ಕೋತ ಹೇಳಿದ್ಲು:

"ಕಾರಣಾ ಕೇಳ್ತಿದ್ರಲ್ಲ, ಇದಽ ನೋಡ್ರಿ. ನಾ ಅನ್ನಾ ಉಣ್ಣೋ ಊರಿಂದ ಬಂದಾಕಿ. ಹೊಸದಾಗಿ ಬಂದಾಗ ನನ್ನ ರೊಟ್ಟಿ ದಿನಾ ಹಿಂಗಽ ಮುರೀತಿದ್ವು. ನಿಮಗ ಕಾಣಬಾರ್ದಂತ ಬಾಗಲಾ ಹಾಕ್ಕೊಂಡು, ಅಳಕೋತ ಬಡೀತಿದ್ದೆ. ಆಮ್ಯಾಲೆ ರೊಟ್ಟಿ ಬಂತು, ನಿಮಗ ಬಾಗಲಾ ತಗಿಯೂದು ಹಂಗಽ ಉಳೀತು."

ಕಾಕಾ ಕೈಗೆ ಅಂಟಿದ ಹಿಟ್ಟು ತಿಕ್ಕಿ ತಿಕ್ಕಿ ತಗದ್ರು. ಆಮ್ಯಾಲೆ ಅಂದ್ರು:

"ನಮ್ಮವ್ವ ಇಡೀ ರೊಟ್ಟಿ ತಾಟಿಗೆ ಹಾಕಿ ಹೋಗ್ತಿದ್ಲು. ನೀ ಬಂದ ಮ್ಯಾಲೆ ತುಂಡು ತುಂಡು ಬರ್ತಿದ್ವು. ನಾ ತಿಳಕೊಂಡಿದ್ದೆ, ನನಗ ತಿನ್ನಲಿಕ್ಕೆ ಸಲೀಸಾಗಲಿ ಅಂತ ಪ್ರೀತಿಲೆ ಮುರದು ಬಡಸ್ತಾಳ ಅಂತ. ಒಂದು ದಿನಾ ಇಡೀ ರೊಟ್ಟಿ ಬಂತು ನೋಡು... ನಾ ಏನು ತಪ್ಪು ಮಾಡಿದ್ನೋ ಅಂತ ಅವತ್ತು ಊಟಾನಽ ಸೇರಲಿಲ್ಲ. ಅದೊಂದು ಮಾತ್ರ ನಿನ್ನ ಕೇಳಲಿಕ್ಕೆ ಧೈರ್ಯಾ ಆಗಲಿಲ್ಲ."

ಕಾಕುನ ಕಣ್ಣು ತುಂಬಿದ್ವು. ಅಕಿ ನೀಲವ್ವ ತಂದ ಗಂಟು ಬಿಚ್ಚಿ, ಒಂದು ದುಂಡನ್ನ ರೊಟ್ಟಿ ತಗದು, ಸಣ್ಣ ಸಣ್ಣ ತುಂಡು ಮಾಡಿ ಕಾಕಾನ ತಾಟಿಗೆ ಹಾಕಿದ್ಲು.